ಮೀನು ಮಾರ್ಕೆಟಿಗೆ ಟೈಲ್ಸಿಗಿಂತ ಮೊದಲು ಇಳಿಜಾರು ಬೇಕು

ಮಾನ್ಯರೆ,

ಕಾಸರಗೋಡಿನ ಮೀನು ಮಾರ್ಕೆಟ್ ಸುಧಾರಣೆಯ ಮಾತೆದ್ದಾಗಲೆಲ್ಲ ಮೊದಲು ಬರುವುದು ಟೈಲ್ಸಿನ ಲೆಕ್ಕ. ನಯವಾದ ಟೈಲ್ಸ್ ಮೇಲೆ ಮೀನಿನ ಲೋಳೆ ಬಿದ್ದರೆ ಬುಟ್ಟಿ ಹೊತ್ತವರು ಜಾರುತ್ತಾರೆ. ಸಂದುಗಳಲ್ಲಿ ನಿಂತ ನೀರು ಮರುದಿನ ನಾರುತ್ತದೆ. ಒರಟು ಕಲ್ಲು ಹಾಸಿ, 50 ಅಡಿಗೆ ಒಂದಡಿಯಂತೆ ಚರಂಡಿಯತ್ತ ಇಳಿಜಾರು ಕೊಡಬೇಕು. ಮೀನು ಕೊಯ್ಯುವ ಕಟ್ಟೆಯ ಕೆಳಗೆ ಎತ್ತಿ ತೊಳೆಯಬಹುದಾದ ಜಾಲರಿ ಇರಬೇಕು. ಹುರುಪೆ, ಕರುಳು ಚರಂಡಿಗಿಳಿದ ಮೇಲೆ ಎಷ್ಟು ಬ್ಲೀಚಿಂಗ್ ಪೌಡರ್ ಚೆಲ್ಲಿದರೂ ಅದರ ಕ್ಲೋರಿನ್ ಕೊಳೆಯಲ್ಲೇ ಮುಗಿದುಹೋಗುತ್ತದೆ. ಮೊದಲು ತೊಳೆಯಬೇಕು, ಪೌಡರ್ ಆಮೇಲೆ.

ಐಸಿನ ವಿಷಯ ಇನ್ನೂ ಮುಖ್ಯ. ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸ್ ಬೇಕು. ಅಡಿಯಲ್ಲಿ ಒಂದು ಪದರ, ನಡುನಡುವೆ, ಮೇಲೆ ಇನ್ನೊಂದು ಪದರ. ಪೆಟ್ಟಿಗೆಯ ತಳದಲ್ಲಿ ತೂತು. ಕರಗಿದ ನೀರಲ್ಲೇ ಮೀನು ಕೂತರೆ ಹೊಟ್ಟೆ ಬೇಗ ಒಡೆಯುತ್ತದೆ. ಬಂಗುಡೆ, ಬೂತಾಯಿಯಂಥ ಮೀನು ಬಿಸಿಲಿಗೆ ಬಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ನಂಜು ಹುಟ್ಟುತ್ತದೆ. ಎಷ್ಟೇ ಕುದಿಸಿದರೂ ಅದು ಹೋಗದು. ತಿಂದವರಿಗೆ ಮುಖ ಕೆಂಪೇರಿ ಮೈ ತುರಿಸಿದಾಗ ‘ಮೀನು ಆಗಿಬರುವುದಿಲ್ಲ’ ಎಂದುಕೊಳ್ಳುತ್ತಾರೆ. ಆಗಿಬರದೇ ಇದ್ದದ್ದು ಬಹಳ ಸಲ ಆ ದಿನದ ಬಿಸಿಲು. ಮಳೆಗಾಲದಲ್ಲಿ ಕೇರಳದ 52 ದಿನ, ಕರ್ನಾಟಕದ 61 ದಿನ ಟ್ರಾಲಿಂಗ್ (ಬೋಟಿನಿಂದ ದೊಡ್ಡ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಒಟ್ಟಿಗೇ ಬೀಳುತ್ತವೆ. ಪೂರ್ವ ಕರಾವಳಿಯ ನಿಷೇಧ ಮಾತ್ರ ಜೂನ್ ನಡುವಿಗೆ ಮುಗಿಯುವುದರಿಂದ ಅಲ್ಲಿಯ ಮೀನು ಲಾರಿಯಲ್ಲಿ ಬರುತ್ತದೆ. ಅದಕ್ಕೆ ಮಾರ್ಕೆಟಿನಲ್ಲೇ ಹೊಸ ಐಸ್ ಸಿಗಬೇಕು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ, ಮೀನು ಕೆಡದಂತೆ ಬೆರೆಸುವ ಫಾರ್ಮಾಲಿನ್, ಅಮೋನಿಯ ಪತ್ತೆಹಚ್ಚುವ ಕಾಗದದ ಪಟ್ಟಿಗಳನ್ನೂ ಅಲ್ಲೇ ಇಟ್ಟರೆ ಗಿರಾಕಿ ಎದುರಲ್ಲೇ ನೋಡಬಹುದು.

ತರಕಾರಿ ಸಾಲಿಗೆ ಸೋರದ ಮಾಡು, ಬಸಳೆ–ಹರಿವೆ ಕಟ್ಟುಗಳಿಗೆ ನೆರಳು, ಇಷ್ಟಿದ್ದರೆ ಸದ್ಯಕ್ಕೆ ಸಾಕು.

ಇನ್ನು ಹೆಸರಿನ ಫಲಕ. ಸಪ್ತಭಾಷೆಯ ಊರೆಂದು ವೇದಿಕೆಯಲ್ಲಿ ಹೇಳುತ್ತೇವೆ. ಆ ಮಾತು ನಿಜವಾಗುವುದು ಮೀನಿನ ಕಟ್ಟೆಯ ಮುಂದೆ. ತುಳುವರ ಬೂತಾಯಿಗೆ ಮಲಯಾಳದಲ್ಲಿ ಮತ್ತಿ, ಕೊಂಕಣಿಯಲ್ಲಿ ತಾರ್ಲೆ. ಬಂಗುಡೆ ಅಯಲ, ಅಂಜಲ್ ಅಯಕೂರ. ಅದೇ ಅಯಕೂರ ತೆಂಕಣ ಕೇರಳಕ್ಕೆ ಹೋದರೆ ನೆಯ್ಮೀನ್. ಮಾಂಜಿ (ಪಾಂಫ್ರೆಟ್) ಎಂದು ಕೇಳಿದವರಿಗೆ ಕಪ್ಪು ಮಾಂಜಿ ತೂಗಿದರೆ ಅದು ಬೇರೆಯೇ ಕುಲದ ಮೀನು. ಕನ್ನಡ, ಮಲಯಾಳ ಎರಡೂ ಲಿಪಿಯಲ್ಲಿ ಹೆಸರು, ಅಂದಿನ ದರ ಬರೆದ ಫಲಕ ಹಾಕಿಸಿದರೆ ಅರ್ಧ ಜಗಳ ಕಡಿಮೆಯಾದೀತು. ಜೊತೆಗೆ ಕಟ್ಟೆಯ ಅಂಚಿಗೆ ಎರಡು ಗೆರೆ ಬಳಿಸಿ: 10 ಸೆಂಟಿಮೀಟರಿಗೆ ಒಂದು, 14ಕ್ಕೆ ಒಂದು. ಕೇರಳದ ನಿಯಮದಂತೆ ಬೂತಾಯಿಯನ್ನು ಮೊದಲ ಗೆರೆಗಿಂತ, ಬಂಗುಡೆಯನ್ನು ಎರಡನೆಯದಕ್ಕಿಂತ ಗಿಡ್ಡವಿರುವಾಗ ಹಿಡಿಯುವಂತಿಲ್ಲ.

– ಓದುಗರು, ಕಾಸರಗೋಡು