ದವಡೆ ಇಲ್ಲದ ಮೀನು, ಗುಳೇದಗುಡ್ಡದ ಜನ

ಒಂದು ಮೀನಿನ ಪಳೆಯುಳಿಕೆಯ ಬಗ್ಗೆ ನಾವು ಬರೆದ ಸಂಶೋಧನಾ ಪ್ರಬಂಧವನ್ನು ಅಚ್ಚು ಹಾಕಲು ವಿಜ್ಞಾನ ಪತ್ರಿಕೆಯ ಒಪ್ಪಿಗೆ ಸಿಕ್ಕಿದೆ. ಸುಮಾರು 41 ಕೋಟಿ ವರ್ಷಗಳ ಹಿಂದೆ ಬದುಕಿದ್ದ, ತಲೆಗೆ ಮೂಳೆಯ ಕವಚ ಇದ್ದ ಒಂದು ಮೀನು. ಇದುವರೆಗೆ ಯಾರೂ ಹೆಸರಿಡದ ಜಾತಿ ಅಂತ ಪರಿಶೀಲಿಸಿದವರೂ ಒಪ್ಪಿದ್ದಾರೆ. ಸುದ್ದಿ ನಮ್ಮೂರು ಗುಳೇದಗುಡ್ಡಕ್ಕೆ ಮುಟ್ಟಿದ ಮೇಲೆ ಫೋನಿಗೆ ಬಿಡುವೇ ಇಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡೋಕೆ ಆಗ್ತಿಲ್ಲ. ಹೇಳಬೇಕಾದ್ದು ಮಾತ್ರ ತುಂಬಾ ಇದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳೋದು ಹೆಸರು. ಅದನ್ನು ಈಗ ಹೇಳುವಂತಿಲ್ಲ, ದಯವಿಟ್ಟು ಬೇಜಾರಾಗಬೇಡಿ. ಪ್ರಾಣಿಯ ಹೊಸ ಹೆಸರು ಊರ್ಜಿತವಾಗುವುದು ವಿವರಣೆಯ ಜೊತೆ ಪ್ರಕಟವಾದ ಮೇಲೆ. ಅಚ್ಚಾದ ದಿನವೇ ಹೇಳುತ್ತೇನೆ.

ಇದು ಎಂಥ ಮೀನು ಅಂತಲೂ ಕೇಳಿದ್ದೀರಿ. ಇದಕ್ಕೆ ದವಡೆ ಇಲ್ಲ. ಕಚ್ಚೋಕೆ ಆಗದು. ಬಾಯಿ ತಲೆಯ ಕೆಳಗಡೆ. ಕವಚ ಕುದುರೆ ಲಾಳದ ಆಕಾರ. ಕಣ್ಣೆರಡೂ ನೆತ್ತಿಯ ಮೇಲೆ ಒತ್ತೊತ್ತಾಗಿ ಇವೆ, ಅವುಗಳ ಮುಂದೆ ಒಂದೇ ಒಂದು ಮೂಗಿನ ತೂತು. ಕವಚದ ಹಿಂದೆ ಎಡಕ್ಕೊಂದು ಬಲಕ್ಕೊಂದು ಈಜುರೆಕ್ಕೆ. ಈ ಗುಂಪಿಗೆ ಆಸ್ಟಿಯೊಸ್ಟ್ರಾಕನ್ ಅಂತ ಹೆಸರು. 1835ರಲ್ಲಿ ವಿಜ್ಞಾನಿ ಲೂಯಿ ಅಗಾಸಿ ಇಂಥದ್ದೊಂದಕ್ಕೆ ಸೆಫಲಾಸ್ಪಿಸ್ ಅಂತ ಹೆಸರಿಟ್ಟರು. ದವಡೆ ಇರುವ ಪ್ರಾಣಿಗಳಿಗೆ, ಅಂದರೆ ನಮಗೂ, ಬಹಳ ಹತ್ತಿರದ ಬಂಧುಗಳು ಇವು. ಸುಮಾರು 37 ಕೋಟಿ ವರ್ಷಗಳ ಹಿಂದೆ ಎಲ್ಲ ಅಳಿದುಹೋದವು. ದವಡೆ ಇಲ್ಲದ ಮೀನುಗಳ ಪೈಕಿ ಈಗ ಉಳಿದಿರುವುದು ಲ್ಯಾಂಪ್ರಿ, ಹ್ಯಾಗ್‌ಫಿಶ್ ಎರಡೇ ಬಗೆ. ಅವಕ್ಕೆ ಕವಚವೂ ಇಲ್ಲ, ಮೂಳೆಯೂ ಇಲ್ಲ.

ಮೊದಲ ನಮಸ್ಕಾರ ನಾನು ನೋಡೇ ಇರದ ಒಬ್ಬರಿಗೆ. ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯ ಕೆಂಪು ಮರಳುಗಲ್ಲಿನಲ್ಲಿ ಇದು ಸಿಕ್ಕಿದ್ದು. ಕಂಡವಳು ನಾನಲ್ಲ. ನಾನು ಹುಟ್ಟುವ ಎಷ್ಟೋ ವರ್ಷ ಮುಂಚೆ ಯಾರೋ ಒಡೆದು ತಂದು ಮ್ಯೂಸಿಯಂಗೆ ಕೊಟ್ಟಿದ್ದರು. ಡ್ರಾಯರಿನಲ್ಲಿ ಕಲ್ಲಿನ ಅಡಿಗೆ ಒಂದು ಚೀಟಿ ಇತ್ತು. ಹಳದಿಯಾದ ಕಾಗದ, ಒಂದು ಮೂಲೆ ಹುಳು ತಿಂದಿದೆ. ಕಂದು ಮಸಿಯಲ್ಲಿ ಕಲ್ಲುಗಣಿಯ ಹೆಸರು, ಮೇಲಿನಿಂದ ಎಷ್ಟನೇ ಪದರು, ತಂದ ತಾರೀಖು. ಪದರಿನ ಅಂಕಿಯನ್ನು ಒಮ್ಮೆ ಹೊಡೆದುಹಾಕಿ ಮತ್ತೆ ತಿದ್ದಿ ಬರೆದಿದ್ದಾರೆ, ಪಕ್ಕದಲ್ಲಿ ಸಣ್ಣಗೆ ಸಹಿ. ಮೀನು ಯಾವುದು ಅನ್ನುವ ಜಾಗ ಮಾತ್ರ ಖಾಲಿ. ಸುಮ್ನೆ ಯಾವುದೋ ಹಳೇ ಹೆಸರು ಬರೆದು ಮುಗಿಸಬಹುದಿತ್ತು, ಅಲ್ವಾ? ಬರೆಯಲಿಲ್ಲ. ಆ ಚೀಟಿ ಇಲ್ಲದಿದ್ದರೆ ಈ ಕಲ್ಲಿನ ವಯಸ್ಸನ್ನು ಇಷ್ಟು ನಿಖರವಾಗಿ ಹೇಳಲು ಆಗುತ್ತಿರಲಿಲ್ಲ. ಆ ಸಹಿ ಯಾರದ್ದು ಅಂತ ಇನ್ನೂ ಹುಡುಕುತ್ತಿದ್ದೇವೆ. ಸಿಕ್ಕರೆ ಅವರ ಮನೆಯವರಿಗೆ ಪತ್ರ ಬರೆಯುವ ಆಸೆ ಇದೆ.

ಕಲ್ಲು ಬಿಡಿಸಿದವರು ಅಲ್ಲಿನ ಹಿರಿಯ ತಂತ್ರಜ್ಞೆ. ಗಾಳಿಯ ಒತ್ತಡಕ್ಕೆ ನಡುಗುವ ಒಂದು ಸೂಜಿ, ಮೇಲೊಂದು ಮೈಕ್ರೋಸ್ಕೋಪು, ಅಷ್ಟೇ ಸಲಕರಣೆ. ಕವಚ ಅಂಗೈ ಅಗಲದ್ದು. ಅದರ ಮೇಲಿನ ಗುಬುಟುಗಳು ಸಾಸಿವೆಗಿಂತ ಸಣ್ಣವು. ಒಂದೂ ಮುಕ್ಕಾಗದಂತೆ ಮರಳು ಬಿಡಿಸಿದರು. ನನಗೆ ಕೂತು ನೋಡುವುದಕ್ಕೇ ಕುತ್ತಿಗೆ ಹಿಡಿಯುತ್ತಿತ್ತು. ಅವರ ಹೆಸರೂ ಪ್ರಬಂಧದ ಲೇಖಕರ ಸಾಲಿನಲ್ಲಿ ಇದೆ. ಹೀಗೇ ಆಗಬೇಕು ಅಂತ ನಾನು ಕೇಳಿದೆ, ಮಾರ್ಗದರ್ಶಕರು ಕೂಡಲೇ ಒಪ್ಪಿದರು. ಅವರಿಗೂ ಋಣಿ.

ಈ ಮೀನುಗಳ ತಲೆಯೊಳಗೆ ನರ, ರಕ್ತನಾಳ ಹೋಗುವ ದಾರಿಗಳಿಗೂ ಮೂಳೆಯ ಒಳಪದರು ಇರುತ್ತಿತ್ತು. ಹಾಗಾಗಿ ಮಿದುಳು ಕೊಳೆತು ಹೋದರೂ ಅದು ಕೂತಿದ್ದ ಜಾಗ ಉಳಿದಿದೆ. ಇದನ್ನು ತೋರಿಸಿಕೊಟ್ಟವರು ಸ್ವೀಡನ್ನಿನ ಪಳೆಯುಳಿಕೆ ವಿಜ್ಞಾನಿ ಎರಿಕ್ ಸ್ಟೆನ್ಸಿಯೊ. ಸ್ಪಿಟ್ಸ್‌ಬರ್ಗೆನ್ ದ್ವೀಪದಿಂದ ತಂದ ಕಲ್ಲುಗಳನ್ನು ಇಷ್ಟಿಷ್ಟೇ ತೇಯುತ್ತಾ, ಪ್ರತಿ ಹಂತದ ಚಿತ್ರ ಬರೆಯುತ್ತಾ, ಮೇಣದಲ್ಲಿ ತಲೆಯ ಒಳಭಾಗ ಕಟ್ಟಿದರು. ಅವರ ದೊಡ್ಡ ಗ್ರಂಥ ಬಂದದ್ದು 1927ರಲ್ಲಿ. ತೇದ ಕಲ್ಲು ಮತ್ತೆ ಸಿಗುವುದಿಲ್ಲ, ಆದರೆ ಅವರ ಚಿತ್ರಗಳು ಈಗಲೂ ನನ್ನ ಮೇಜಿನ ಮೇಲಿವೆ. ನಮಗೆ ಸಿಟಿ ಸ್ಕ್ಯಾನ್ ಇದೆ, ಕಲ್ಲನ್ನು ಮುಟ್ಟಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಸ್ಕ್ಯಾನಿನ ಒಂದೊಂದೇ ಸೀಳಿನ ಚಿತ್ರಕ್ಕೆ ಬಣ್ಣ ಹಚ್ಚುತ್ತಾ ಒಳಗಿವಿಯ ಎರಡು ಅರ್ಧವೃತ್ತದ ನಾಳಗಳು ಕಂಡ ದಿನ ನಾನು ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ಜೋರಾಗಿ ಕನ್ನಡದಲ್ಲೇ ಕೂಗಿದೆ. ನಮ್ಮ ಕಿವಿಯಲ್ಲಿ ಇಂಥವು ಮೂರು, ಇದಕ್ಕೆ ಎರಡೇ.

ಇನ್ನು ನಮ್ಮ ಊರಿನ ಕಡೆ.

ಬಾದಾಮಿ ದಾರಿಯ ಕಲ್ಲುಗಣಿಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಕಾಕಾ ನನ್ನ ಕೈಗೆ ಮೊದಲು ಸುತ್ತಿಗೆ ಕೊಟ್ಟವರು. "ಮ್ಯಾಲ ಹೊಡಿಬ್ಯಾಡವ್ವಾ, ಬಾಜೂಕ ಹೊಡಿ, ಪದರು ಎಲ್ಲೈತಿ ನೋಡು" ಅನ್ನುತ್ತಿದ್ದರು. ಒಡೆದ ಹಾಸಿನ ಮೇಲೆ ನೀರಿನ ಅಲೆ ಮೂಡಿಸಿದ ಗೆರೆಗಳನ್ನು ತೋರಿಸಿದವರೂ ಅವರೇ. ನಮ್ಮ ಕಲಾದಗಿ, ಬಾದಾಮಿ ಕಲ್ಲುಗಳು ಮೂಳೆ ಇರುವ ಪ್ರಾಣಿಗಳು ಹುಟ್ಟುವುದಕ್ಕಿಂತ ಎಷ್ಟೋ ಮುಂಚಿನವು. ಅವುಗಳಲ್ಲಿ ಮೀನು ಹುಡುಕಿದರೆ ಸಿಗದು. ಬಾಗಲಕೋಟೆ ಸುತ್ತಿನ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರು ಪದರಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಇವೆ, ಅಷ್ಟೇ. ಆದರೂ ಕಲ್ಲು ಓದುವುದನ್ನು ನಾನು ಕಲಿತದ್ದು ಈ ಕಲ್ಲಿನ ಮೇಲೆಯೇ. ಕಾಕಾ, ನಿಮ್ಮ ಕಾಲಿಗೆ ಬಿದ್ದೆ ಅಂದುಕೊಳ್ಳಿ.

ಹೈಸ್ಕೂಲಿನ ವಿಜ್ಞಾನ ಮಾಸ್ತರು ಒಮ್ಮೆ ರಾಬರ್ಟ್ ಬ್ರೂಸ್ ಫೂಟ್ ಕಥೆ ಹೇಳಿದ್ದರು. ನಮ್ಮ ಭಾಗದ ಕಲ್ಲುಗಳನ್ನೆಲ್ಲ ಅಳೆದು ಬರೆದ ಭೂವಿಜ್ಞಾನಿ. ಬೆಳಗಾವಿ ಜಿಲ್ಲೆಯ ಗೋಕಾಕದ ಹತ್ತಿರ ಸಿಕ್ಕ ಖಡ್ಗಮೃಗದ ಪಳೆಯುಳಿಕೆಯನ್ನು 1874ರಲ್ಲಿ ಹೊಸ ಜಾತಿ ಅಂತ ವಿವರಿಸಿದರು. ಗೋಕಾಕದಲ್ಲಿ ಖಡ್ಗಮೃಗ! ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾಸ್ತರೇ, ಧಾರವಾಡಕ್ಕೆ ಹೋಗಿ ಭೂವಿಜ್ಞಾನ ಓದುತ್ತೇನೆ ಅಂತ ಹಟ ಹಿಡಿದದ್ದು ಅದರಿಂದಲೇ.

ನಡುವೆ ಫೆಲೋಶಿಪ್ ದುಡ್ಡು ತುಂಬಾ ದಿನ ನಿಂತುಹೋಗಿತ್ತು. ಅದನ್ನು ಹಿಗ್ಗಿಸಿ ಹೇಳುವುದಿಲ್ಲ. ಆಗ ನಮ್ಮ ಓಣಿಯ ಸ್ವಸಹಾಯ ಸಂಘದ ಅಕ್ಕಂದಿರು ಅವ್ವನ ಹೆಸರಿನಲ್ಲಿ ಸಾಲ ಕೊಟ್ಟರು. ಕಂತು ತಡವಾದಾಗ ಒಬ್ಬರೂ ಮನೆ ಬಾಗಿಲಿಗೆ ಬರಲಿಲ್ಲ. ಖಣ ನೇಯ್ದು, ದಿನದ ಕೂಲಿಯಲ್ಲಿ ಉಳಿಸಿ ಕೂಡಿಟ್ಟ ದುಡ್ಡು ಅದು. ಸಾಲ ತೀರಿದೆ. ನಿಮ್ಮ ಋಣ ತೀರಿಲ್ಲ.

ಅವ್ವನ ಬಗ್ಗೆ ಒಂದು ಮಾತು ಹೇಳಲೇಬೇಕು. ಕವಚದ ಫೋಟೋ ಕಳಿಸಿದ್ದೆ. ಬರೀ ಚೆನ್ನಾಗಿದೆ ಅಂತಾಳೆ ಅಂದುಕೊಂಡಿದ್ದೆ. ದೊಡ್ಡದು ಮಾಡಿ ನೋಡಿ ಫೋನ್ ಮಾಡಿದಳು. "ಮುಂದಿನ ಅಂಚಿನ್ಯಾಗ ಗುಬುಟು ಸಾಲಾಗಿ ಅದಾವು, ಹಿಂದ ಯಾಕ ಚದುರ್ಯಾವು?" ಖಣದ ಮಗ್ಗದ ಮುಂದೆ ಬದುಕು ಕಳೆದವಳು, ನಮೂನೆ ಎಲ್ಲಿ ಬದಲಾಯಿತು ಅಂತ ಅವಳ ಕಣ್ಣು ತಾನಾಗಿ ಹುಡುಕುತ್ತದೆ. ಈ ಮೀನನ್ನು ಅದರ ಹತ್ತಿರದ ಜಾತಿಗಳಿಂದ ಬೇರೆ ಮಾಡುವ ಲಕ್ಷಣಗಳಲ್ಲಿ ಅದೂ ಒಂದು. ಪ್ರಬಂಧದ ಕೃತಜ್ಞತೆಯ ಸಾಲಿನಲ್ಲಿ ಅವಳ ಹೆಸರಿದೆ, ಇಂಗ್ಲಿಷಿನಲ್ಲಿ. ಓದಿ ಹೇಳಿದಾಗ "ಖರೇನ?" ಅಂತ ಎರಡು ಸಲ ಕೇಳಿದಳು.

ಸ್ಕ್ಯಾನ್ ನೋಡಿ ಕವಚದ ಮಾದರಿಯೊಂದನ್ನು ತ್ರೀಡಿ ಪ್ರಿಂಟ್ ಮಾಡಿಸಿದ್ದೇವೆ, ನಿಜದ ಅಳತೆಯದ್ದು ಒಂದು, ಹತ್ತುಪಟ್ಟು ದೊಡ್ಡದು ಒಂದು. ದೀಪಾವಳಿಗೆ ಬರುವಾಗ ಎರಡನ್ನೂ ತರುತ್ತೇನೆ. ನಮ್ಮ ಶಾಲೆಗೆ ಕೊಟ್ಟು ಹೋಗುವುದಕ್ಕೇ ತರುತ್ತಿರುವುದು, ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡಿ ಮಾಸ್ತರೇ, ಮಕ್ಕಳು ಮುಟ್ಟಿ ನೋಡಲಿ.