ಎಷ್ಟು ನಷ್ಟ ನಾವೇ ಹೊರಬಹುದು?

ಮಾನ್ಯರೇ,

‘ಸಣ್ಣಪುಟ್ಟ ನಷ್ಟಕ್ಕೆಲ್ಲ ವಿಮೆ ಯಾಕೆ, ನಾವೇ ನೋಡ್ಕೊಂಡ್ರೆ ಆಯ್ತಲ್ವಾ’ ಎಂದು ನಮ್ಮ ಕಡೆಯ ವ್ಯಾಪಾರಿಗಳು ಹೇಳುವುದುಂಟು. ತೀರ್ಥಹಳ್ಳಿಯ ಅಡಿಕೆ ಕಂಪನಿಯೊಂದರಲ್ಲಿ 19 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಈ ಮಾತನ್ನು ಅರ್ಧ ಒಪ್ಪುತ್ತೇನೆ.

ನಮ್ಮ ಒಂದು ಲಾರಿಗೆ ಐದು ವರ್ಷ ಕ್ಲೇಮ್ ಇರಲಿಲ್ಲ. ಶೇ 50ರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದುದಕ್ಕೆ ಕಂತಿನಲ್ಲಿ ಸಿಗುವ ರಿಯಾಯಿತಿ) ಕೂಡಿಬಂದಿತ್ತು. ಹುಲಿಕಲ್ ಘಾಟಿಯ ತಿರುವಿನಲ್ಲಿ ಬಂಪರ್ ಬಗ್ಗಿತು, ಕ್ಲೇಮ್ ಹಾಕಿದೆವು. 8 ಸಾವಿರ ಸಿಕ್ಕಿತು ಅಂತ ಖುಷಿಯೋ ಖುಷಿ. ಬೋನಸ್ ಸೊನ್ನೆಯಾಯಿತು, ಮುಂದಿನ ವರ್ಷ ಕಂತು ಏರಿದ್ದೇ ಆ 8 ಸಾವಿರಕ್ಕಿಂತ ಜಾಸ್ತಿ. ಇನ್ನು ಮೇಲೆ 50 ಸಾವಿರದೊಳಗಿನದು ಏನೇ ಇರಲಿ, ನಮ್ಮದೇ ಖರ್ಚು ಎಂದರು ಮಾಲೀಕರು. ಗೋದಾಮಿನ ಪಾಲಿಸಿಯ ಎಕ್ಸೆಸ್, ಅಂದರೆ ಪ್ರತಿ ಕ್ಲೇಮಿನಲ್ಲೂ ಮೊದಲು ನಾವೇ ಹೊರಬೇಕಾದ ಮೊತ್ತ, ಕೂಡ ಅಷ್ಟಕ್ಕೇ ಏರಿತು. (ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಯ ಥರ್ಡ್ ಪಾರ್ಟಿ ವಿಮೆ ಬಿಡಿ, ಅದು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಕಡ್ಡಾಯ.)

ಈ 50 ಸಾವಿರ ಸುಮ್ನೆ ಬಾಯಿಗೆ ಬಂದ ಅಂಕಿ. ಒಂದು ಜುಲೈನಲ್ಲಿ ಅದು ಗೊತ್ತಾಯಿತು. ವೋಲ್ಟೇಜ್ ಏರಿಳಿದು ಮೋಟಾರ್ ಸುಟ್ಟಿತು. ನಾಲ್ಕೇ ದಿನಕ್ಕೆ ಶೆಡ್ ಮೇಲೆ ಮರ ಬಿತ್ತು. ಒಡೆದ ಶೀಟಿನಿಂದ ಇನ್ನೊಂದು ಮಳೆಗೆ ನೀರಿಳಿದು ಚೀಲಗಳಿಗೆ ಬೂಷ್ಟು ಹಿಡಿಯಿತು. ಆಮೇಲೆ ಲಾರಿ ಚರಂಡಿಗೆ ಇಳಿಯಿತು. ಒಂದೊಂದೂ 50 ಸಾವಿರದೊಳಗೇ, ಕೂಡಿದರೆ 1.70 ಲಕ್ಷ. ಲೆಕ್ಕದ ಪುಸ್ತಕದಲ್ಲಿ ನಾವು ಲಾಭದಲ್ಲೇ ಇದ್ದೆವು. ಆದರೆ ದುಡ್ಡೆಲ್ಲ ಅಡಿಕೆಯಾಗಿ ಗೋದಾಮಿನಲ್ಲಿ ಕೂತಿತ್ತು. ಆ ತಿಂಗಳ ಸಂಬಳಕ್ಕೆ ಬ್ಯಾಂಕಿನಿಂದ ಓವರ್‌ಡ್ರಾಫ್ಟ್ ಸಾಲ ತೆಗೆದೆವು. ಈಗ ನಾನು ಎರಡು ಅಂಕಿ ಬರೆದಿಡುತ್ತೇನೆ: ಒಂದು ಸಲಕ್ಕೆ ಎಷ್ಟು ತಡೆದುಕೊಳ್ಳಬಹುದು, ಇಡೀ ವರ್ಷಕ್ಕೆ ಎಷ್ಟು. ಎರಡನ್ನೂ ಜುಲೈ ತಿಂಗಳ ಪಾಸ್‌ಬುಕ್ ನೋಡಿಯೇ ಹಾಕುವುದು.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ರಾಶಿ ಬಗೆಯ ಅಡಿಕೆ ಕ್ವಿಂಟಾಲಿಗೆ 25 ಸಾವಿರ ಇದ್ದಾಗ 200 ಕ್ವಿಂಟಾಲಿಗೆ 50 ಲಕ್ಷದ ಪಾಲಿಸಿ ಮಾಡಿಸಿದ್ದೆವು. ದರ 50 ಸಾವಿರವಾದಾಗ ಅದೇ ದಾಸ್ತಾನು 1 ಕೋಟಿ ಆಯಿತು, ಪಾಲಿಸಿ ಮಾತ್ರ 50 ಲಕ್ಷದಲ್ಲೇ ನಿಂತಿತ್ತು. ದಾಸ್ತಾನಿನ ಅರ್ಧ ಬೆಲೆಗಷ್ಟೇ ವಿಮೆ ಇದ್ದರೆ ನಷ್ಟದಲ್ಲೂ ಅರ್ಧವೇ ಸಿಗುವುದು; ಆಗ 10 ಲಕ್ಷದ ಮಾಲು ಸುಟ್ಟಿದ್ದರೆ ಸಿಗುತ್ತಿದ್ದುದು 5 ಲಕ್ಷ, ಅದರಲ್ಲೂ ಎಕ್ಸೆಸ್ ಕಳೆದು. 2021ರಲ್ಲಿ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಗೆ ಮಾಫಿ ಇದೆ. ನಮ್ಮದು ಅರ್ಧಕ್ಕರ್ಧ! ಬಂಪರಿಗೆ ಅಷ್ಟು ಯೋಚಿಸಿದ ನಾವು ಅರ್ಧ ಗೋದಾಮನ್ನು ಗೊತ್ತಿಲ್ಲದೇ ತಲೆ ಮೇಲೆ ಹೊತ್ತಿದ್ದೆವು.

ಈ ವರ್ಷ ಎಕ್ಸೆಸ್ 2 ಲಕ್ಷಕ್ಕೆ ಏರಿಸುವ ಆಸೆ ಮಾಲೀಕರದು. ಕಂತಿನಲ್ಲಿ ಉಳಿಯುವುದು 11 ಸಾವಿರ. ಅದಕ್ಕಾಗಿ ಪ್ರತಿ ಸಲವೂ ಒಂದೂವರೆ ಲಕ್ಷ ಜಾಸ್ತಿ ಹೊರಬೇಕಲ್ಲ ಎಂದು ಕೇಳಿದೆ. ಮಳೆ ನಿಲ್ಲಲಿ, ನೋಡೋಣ ಎಂದಿದ್ದಾರೆ. ಪಾಲಿಸಿ ಮುಗಿಯುವುದು ಮುಂದಿನ ವಾರ.

– ಲೆಕ್ಕ ಬರೆಯುವವಳು, ತೀರ್ಥಹಳ್ಳಿ