ಮಕ್ಕಳ ದುಃಖಕ್ಕೆ ಶಾಲೆಯೂ ಕಿವಿಗೊಡಲಿ

ಮಾನ್ಯ ಸಂಪಾದಕರೇ,

ದುಡಿಯುವ ತಂದೆ ಹಠಾತ್ತನೆ ತೀರಿಕೊಂಡಾಗ ಹದಿಹರೆಯದ ಮಕ್ಕಳ ಮೇಲೆ ಬೀಳುವ ಭಾರವನ್ನು ನಾವು ಸರಿಯಾಗಿ ಅಂದಾಜು ಮಾಡುತ್ತಿಲ್ಲ. ಉತ್ತರಕ್ರಿಯೆಗೆ ಬಂದ ಬಂಧುಗಳು ಒಂಬತ್ತನೇ ತರಗತಿಯ ಹುಡುಗನ ಭುಜ ತಟ್ಟಿ, ‘ಇನ್ನು ಮೇಲೆ ನೀನೇ ಮನೆಯ ಯಜಮಾನ, ಅಮ್ಮನ ಎದುರು ಅಳಬೇಡ’ ಎಂದು ಹೇಳಿ ಹೋಗುತ್ತಾರೆ. ಹೇಳಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅಳುವುದಕ್ಕೂ ಅವಕಾಶವಿಲ್ಲದ ಆ ಹುಡುಗ ಶಾಲೆಗೆ ಮರಳಿದ ಮೇಲೆ ಪಾಠ ಕೇಳದೆ ಕಿಟಕಿಯಾಚೆ ನೋಡುತ್ತ ಕೂರುವುದನ್ನೂ ಸಣ್ಣ ಮಾತಿಗೆ ಸಿಡುಕುವುದನ್ನೂ ಶಿಕ್ಷಕರಾದ ನಾವು ಅಶಿಸ್ತೆಂದು ಬಗೆಯುವುದುಂಟು. ಹೆಣ್ಣುಮಕ್ಕಳಿಗಾದರೆ ಅಡುಗೆ ಮತ್ತು ತಮ್ಮಂದಿರ ಆರೈಕೆಯ ಜೊತೆಗೆ, ಎಸ್ಸೆಸ್ಸೆಲ್ಸಿ ಮುಗಿಯುವ ಮೊದಲೇ ಮದುವೆಯ ಮಾತೂ ಶುರುವಾಗುತ್ತದೆ.

ಇಂಥ ಮಕ್ಕಳ ದಿನಚರಿಯನ್ನು, ಗೆಳೆಯರನ್ನು ಆದಷ್ಟು ಹಾಗೆಯೇ ಉಳಿಸಬೇಕು. ಊರು ಬಿಡುವುದಿದ್ದರೆ ಅಥವಾ ಹಾಸ್ಟೆಲಿಗೆ ಸೇರಿಸುವುದಿದ್ದರೆ ಅವರೊಡನೆ ಕೂತು ಮಾತನಾಡಿಯೇ ತೀರ್ಮಾನಿಸಬೇಕು. ಸಾಲದ ಸಂಗತಿಯನ್ನು ಮುಚ್ಚಿಟ್ಟರೆ ಬಾಗಿಲ ಮರೆಯಿಂದ ಅರ್ಧಂಬರ್ಧ ಕೇಳಿಸಿಕೊಂಡು ಇನ್ನಷ್ಟು ಹೆದರುತ್ತಾರೆ. ವಾರಗಟ್ಟಲೆ ಊಟ, ನಿದ್ದೆ ಕೆಟ್ಟರೆ ಅಥವಾ ಸಾಯುವ ಮಾತು ಬಾಯಿಗೆ ಬಂದರೆ ತಡಮಾಡಬಾರದು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ (14416) ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದು ಎಷ್ಟೋ ಪೋಷಕರಿಗೆ ತಿಳಿದೇ ಇಲ್ಲ. ಈ ಸಂಖ್ಯೆಯನ್ನು ಪ್ರತಿ ಪ್ರೌಢಶಾಲೆಯ ಸೂಚನಾ ಫಲಕದಲ್ಲಿ ಬರೆಸುವಂತೆ ಮತ್ತು ಹೆತ್ತವರನ್ನು ಕಳೆದುಕೊಂಡ ವಿದ್ಯಾರ್ಥಿಯ ಯೋಗಕ್ಷೇಮ ನೋಡಿಕೊಳ್ಳಲು ಒಬ್ಬ ಶಿಕ್ಷಕರನ್ನು ಗೊತ್ತುಮಾಡುವಂತೆ ಶಾಲಾ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಲಿ.

– ಪ್ರೌಢಶಾಲಾ ಶಿಕ್ಷಕಿ, ಹಾಸನ